ಮಂಟಪದ ಕಂಬವೂ ಒಂದು ಉಲ್ಲೇಖ ಬಿಂದು
ಬೋಧನಾಭ್ಯಾಸದ ಅವಧಿಯಲ್ಲಿ ಸೃಜನಶೀಲತೆಯ ಬಗ್ಗೆ ಕಲಿತದ್ದು

ಬಿ.ಎಸ್ಸಿ. ಮುಗಿಸಿ ಬಿ.ಇಡಿ. ಸೇರಿದ ಮೊದಲ ವರ್ಷವೇ ಸೃಜನಶೀಲತೆಯ ಬಗ್ಗೆ ಹತ್ತು ಅಂಕದ ಉತ್ತರ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ವ್ಯಾಖ್ಯೆ, ಲಕ್ಷಣಗಳು, ಘಟಕಗಳು, ಶಿಕ್ಷಕರ ಪಾತ್ರ ಎಲ್ಲವನ್ನೂ ಉಪಶೀರ್ಷಿಕೆ ಹಾಕಿ ಬರೆದಿದ್ದೆ. ಅದೇ ನಾನು ನಂಜನಗೂಡಿನ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸಕ್ಕೆ ಹೋದಾಗ, ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ನಿಜವಾದ ಸೃಜನಶೀಲ ಉತ್ತರಕ್ಕೆ ಕೆಂಪು ಪೆನ್ನಿನಲ್ಲಿ ತಪ್ಪು ಗುರುತು ಹಾಕಿದೆ. ಈ ಲೇಖನ ಆ ತಪ್ಪು ಗುರುತಿನಿಂದ ಶುರುವಾಗುತ್ತದೆ. ನಂಜನಗೂಡಿನಲ್ಲೂ, ಆಮೇಲೆ ತಿ. ನರಸೀಪುರ ತಾಲ್ಲೂಕಿನ ಶಾಲೆಯಲ್ಲೂ ನಾನು ಮಾಡಿದ ಪ್ರಯತ್ನಗಳು, ಅವುಗಳಲ್ಲಿ ಆದದ್ದು ಮತ್ತು ಆಗದ್ದು, ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

ಘಟಕ ಪರೀಕ್ಷೆಯ ಒಂದು ಪ್ರಶ್ನೆ

ನನಗೆ ಕೊಟ್ಟಿದ್ದ ಘಟಕ ‘ಚಲನೆ’. ನೀಲನಕ್ಷೆ ಮಾಡಿ, ಮಾದರಿ ಉತ್ತರ ಬರೆದುಕೊಂಡು ಪರೀಕ್ಷೆ ಕೊಟ್ಟೆ. ಒಂದು ಪ್ರಶ್ನೆ ಹೀಗಿತ್ತು: ‘ಒಂದು ವಸ್ತು ಚಲಿಸುತ್ತಿದೆ ಎಂದು ಹೇಗೆ ತಿಳಿಯುವಿರಿ? ಉದಾಹರಣೆ ಕೊಡಿ.’ ಎರಡು ಅಂಕ. ನನ್ನ ಮಾದರಿ ಉತ್ತರದಲ್ಲಿ ಉಲ್ಲೇಖ ಬಿಂದು, ರಸ್ತೆ ಬದಿಯ ಮರ, ಓಡುವ ಬಸ್ಸು ಇದ್ದವು. ಬಹುಪಾಲು ಮಕ್ಕಳು ಅದನ್ನೇ ಬರೆದಿದ್ದರು. ಒಬ್ಬ ಹುಡುಗಿ ಮಾತ್ರ ಹೀಗೆ ಬರೆದಿದ್ದಳು: ‘ಹೊಳೆ ನೀರು ಏರುತ್ತಿದೆಯೋ ಇಲ್ಲವೋ ನೀರು ನೋಡಿದರೆ ಗೊತ್ತಾಗುವುದಿಲ್ಲ. ಮಂಟಪದ ಕಂಬ ನೋಡಿದರೆ ಗೊತ್ತಾಗುತ್ತದೆ.’

ಅಷ್ಟೇ. ‘ಉಲ್ಲೇಖ ಬಿಂದು’ ಎಂಬ ಪದವೂ ಇಲ್ಲ, ಬಸ್ಸೂ ಇಲ್ಲ. ನಲವತ್ತಕ್ಕೂ ಹೆಚ್ಚು ಉತ್ತರ ಪತ್ರಿಕೆಗಳನ್ನು ಒಂದೇ ರಾತ್ರಿ ತಿದ್ದುತ್ತಿದ್ದ ನಾನು ಮಾದರಿ ಉತ್ತರದ ಪದಗಳನ್ನು ಹುಡುಕಿದೆ, ಸಿಗಲಿಲ್ಲ, ಸೊನ್ನೆ ಹಾಕಿದೆ. ಪತ್ರಿಕೆ ಹಂಚಿದ ದಿನ ಆಕೆ ವಿರಾಮದಲ್ಲಿ ಬಂದು, ‘ಮಿಸ್, ಇದ್ಯಾಕೆ ತಪ್ಪು?’ ಎಂದಳು. ‘ಪುಸ್ತಕದಲ್ಲಿರೋದು ಬರಿಬೇಕಮ್ಮ’ ಎಂದೆ. ಆಕೆ ವಾದ ಮಾಡಲಿಲ್ಲ. ಪತ್ರಿಕೆ ಮಡಚಿಕೊಂಡು ಹೋದಳು.

ಎರಡು ದಿನದ ಮೇಲೆ ಮೈಸೂರಿನಿಂದ ಬಸ್ಸಿನಲ್ಲಿ ಬರುವಾಗ ಪಕ್ಕದಲ್ಲಿ ಕೂತ ಇಬ್ಬರು ಮಾತಾಡಿಕೊಳ್ಳುತ್ತಿದ್ದರು. ಕಬಿನಿಯಿಂದ ನೀರು ಬಿಟ್ಟಿದ್ದಾರಂತೆ, ಹದಿನಾರು ಕಾಲು ಮಂಟಪಕ್ಕೆ ನೀರು ಬಂದಿದೆಯಂತೆ ಎಂದು ಒಬ್ಬರು. ‘ಎಷ್ಟ್‌ಗಂಟ ಬಂದದೆ?’ ಎಂದು ಇನ್ನೊಬ್ಬರು. ಆಗ ನನಗೆ ಆ ಉತ್ತರ ಅರ್ಥವಾಯಿತು. ಹರಿವ ನೀರಿಗೆ ತನ್ನದೇ ಗುರುತಿಲ್ಲ. ಪಕ್ಕದಲ್ಲಿ ಅಲುಗದೆ ನಿಂತ ಕಲ್ಲಿನ ಕಂಬ ಬೇಕು. ಚಲನೆಯನ್ನು ಸ್ಥಿರ ಬಿಂದುವಿನಿಂದ ಅಳೆಯಬೇಕು ಎಂಬ ಪರಿಕಲ್ಪನೆಗೆ ಇದಕ್ಕಿಂತ ಸರಿಯಾದ ಉದಾಹರಣೆ ನನ್ನ ಪಾಠಯೋಜನೆಯಲ್ಲೂ ಇರಲಿಲ್ಲ. ನಂಜನಗೂಡಿನ ಸ್ನಾನಘಟ್ಟದ ಬಳಿಯ ಆ ಮಂಟಪ ಊರಿಗೆಲ್ಲ ಪ್ರವಾಹದ ಅಳತೆಗೋಲು. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿದಾಗ ಜನ ನೋಡಿದ್ದು ಆ ಕಂಬಗಳನ್ನೇ. 2019ರಲ್ಲಿ ಆ ಹುಡುಗಿ ನಾಲ್ಕನೇ ತರಗತಿ. ಅವರ ಮನೆಗೂ ನೀರು ಬಂದಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು.

ಸೃಜನಶೀಲತೆ ಎಂದರೆ ಅಲಂಕಾರವಲ್ಲ

ನಮ್ಮಲ್ಲಿ ‘ಸೃಜನಶೀಲ ಪಾಠ’ ಎಂದರೆ ಬಣ್ಣದ ಚಾರ್ಟು, ಥರ್ಮಾಕೋಲ್ ಮಾದರಿ, ಹಾಡು, ನಾಟಕ ಎಂಬ ರೂಢಿಯಿದೆ. ವೀಕ್ಷಣೆಗೆ ಉಪನ್ಯಾಸಕರು ಬರುವ ದಿನ ನಾವೆಲ್ಲ ಕೈಲಾದಷ್ಟು ಸಲಕರಣೆ ಹೊತ್ತುಕೊಂಡು ಹೋಗುತ್ತೇವೆ. ತಪ್ಪೇನಿಲ್ಲ. ಆದರೆ ಅಲ್ಲಿ ಸೃಜನಶೀಲರಾದವರು ನಾವು, ಕೆಲವೊಮ್ಮೆ ಸ್ಟೇಷನರಿ ಅಂಗಡಿಯವರು. ಮಕ್ಕಳು ನೋಡುವವರು ಮಾತ್ರ. ಮಕ್ಕಳು ಏನಾದರೂ ಹೊಸದಾಗಿ ಯೋಚಿಸಿದರೇ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಮನೋವಿಜ್ಞಾನಿ ಗಿಲ್‌ಫರ್ಡ್ 1950ರಲ್ಲಿ ಅಮೆರಿಕದ ಮನೋವೈಜ್ಞಾನಿಕ ಸಂಘದ ಅಧ್ಯಕ್ಷ ಭಾಷಣದಲ್ಲಿ ಸೃಜನಶೀಲತೆಯ ಅಧ್ಯಯನ ಎಷ್ಟು ಕಡಿಮೆ ಆಗಿದೆ ಎಂಬುದರ ಕಡೆ ಗಮನ ಸೆಳೆದರು. ಒಂದೇ ಸರಿ ಉತ್ತರದ ಕಡೆ ಸಾಗುವ ಏಕಮುಖ ಚಿಂತನೆ, ಹಲವು ಸಾಧ್ಯತೆಗಳ ಕಡೆ ಹರಡುವ ಬಹುಮುಖ ಚಿಂತನೆ ಎಂಬ ವಿಂಗಡಣೆ ಅವರದು. ಅದನ್ನು ಟೊರಾನ್ಸ್ ಅಳೆಯಬಹುದಾದ ರೂಪಕ್ಕೆ ತಂದರು. ನಿರರ್ಗಳತೆ, ನಮ್ಯತೆ, ಸ್ವಂತಿಕೆ, ವಿಸ್ತರಣೆ ಎಂಬ ನಾಲ್ಕು ಘಟಕಗಳನ್ನು ನಾವೆಲ್ಲ ಓದಿದ್ದೇವೆ. ಎಷ್ಟು ವಿಚಾರಗಳು ಬಂದವು ಎಂಬುದು ನಿರರ್ಗಳತೆ. ಎಷ್ಟು ಬೇರೆ ಬೇರೆ ಬಗೆಯವು ಎಂಬುದು ನಮ್ಯತೆ. ಇತರರಿಗೆ ಹೊಳೆಯದ್ದು ಹೊಳೆದರೆ ಸ್ವಂತಿಕೆ. ಹೊಳೆದದ್ದನ್ನು ಬೆಳೆಸಿ ಪೂರ್ಣ ಮಾಡಿದರೆ ವಿಸ್ತರಣೆ.

ಈ ನಾಲ್ಕನ್ನೂ ಬಾಯಿಪಾಠ ಮಾಡಿದ್ದ ನಾನು ಮಂಟಪದ ಕಂಬವನ್ನು ಗುರುತಿಸಲಿಲ್ಲ. ಕಾರಣ ಸರಳ. ಸ್ವಂತಿಕೆಯ ಉತ್ತರ ಮಾದರಿ ಉತ್ತರದ ಹಾಗೆ ಇರುವುದಿಲ್ಲ, ಅದಕ್ಕೇ ಅದು ಸ್ವಂತಿಕೆ. ಪದ ಹುಡುಕಿ ತಿದ್ದುವವರಿಗೆ ಅದು ತಪ್ಪಾಗಿಯೇ ಕಾಣುತ್ತದೆ. ಅರ್ಥ ಹುಡುಕಿ ತಿದ್ದಬೇಕು. ಹಾಗೆಂದು ಬೇರೆಯಾಗಿರುವುದೆಲ್ಲ ಸೃಜನಶೀಲವಲ್ಲ. ಅದು ಹೊಸದಾಗಿರಬೇಕು, ಜೊತೆಗೆ ಆ ವಿಷಯದಲ್ಲಿ ನಿಲ್ಲುವಂತೆಯೂ ಇರಬೇಕು. ‘ಕಂಬ ನೋಡಿದರೆ ಗೊತ್ತಾಗುತ್ತದೆ’ ಎಂಬುದು ಭೌತಶಾಸ್ತ್ರದಲ್ಲಿ ನಿಲ್ಲುತ್ತದೆ.

ಕಂಬದಿಂದ ಕಾಲುವೆಗೆ

ಮರುವಾರ ಮಾರ್ಗದರ್ಶಕ ಶಿಕ್ಷಕರನ್ನು ಎರಡು ಅವಧಿ ಹೆಚ್ಚು ಕೇಳಿದೆ. ಪಾಠ ಮುಗಿಯಬೇಕು, ರೂಪಣಾತ್ಮಕ ಮೌಲ್ಯಮಾಪನ ಹತ್ತಿರ ಬಂತು ಎಂಬ ಅವರ ಆತಂಕ ನ್ಯಾಯವಾದದ್ದೇ. ಕೊನೆಗೆ ಈ ಚಟುವಟಿಕೆಯನ್ನೇ ಮೌಲ್ಯಮಾಪನದ ಚಟುವಟಿಕೆ ಎಂದು ದಾಖಲಿಸುವ ಸಲಹೆಯನ್ನು ಅವರೇ ಕೊಟ್ಟರು.

ಮೊದಲ ಪ್ರಶ್ನೆ: ಮಂಟಪದ ಕಂಬವನ್ನು ಮುಟ್ಟದೆ ಅದರ ಎತ್ತರ ಕಂಡುಹಿಡಿಯುವುದು ಹೇಗೆ? ಹೊಳೆಯ ಹತ್ತಿರ ಮಕ್ಕಳನ್ನು ಕರೆದುಕೊಂಡು ಹೋಗುವ ಮಾತೇ ಇರಲಿಲ್ಲ. ನೀರು ಇಳಿದಿದ್ದ ಒಂದು ಭಾನುವಾರ ನನ್ನ ಸಹಪಾಠಿ ಮಂಟಪದಲ್ಲಿ ನಿಂತಿದ್ದ ಫೋಟೋ ತೆಗೆದು ದೊಡ್ಡದಾಗಿ ಮುದ್ರಿಸಿಕೊಂಡು ಹೋದೆ. ಮಕ್ಕಳಿಂದ ಉಪಾಯಗಳು ಬಂದವು. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡುವುದು, ನೆರಳು ಅಳೆಯುವುದು, ಕಲ್ಲಿನ ವರಸೆ ಎಣಿಸುವುದು. ಒಬ್ಬ ಹುಡುಗ, ‘ಆ ಮಿಸ್ಸು ಎಷ್ಟುದ್ದ ಅವ್ರೆ?’ ಎಂದು ಕೇಳಿದ. ಎಲ್ಲರೂ ನಕ್ಕರು. ಆದರೆ ಉತ್ತರ ಅಲ್ಲಿಯೇ ಇತ್ತು. ಸಹಪಾಠಿಯ ಎತ್ತರ 160 ಸೆಂ.ಮೀ., ಫೋಟೋದಲ್ಲಿ 4 ಸೆಂ.ಮೀ. ಹಾಗಾದರೆ ಫೋಟೋದ 1 ಸೆಂ.ಮೀ. ಎಂದರೆ ಮಂಟಪದಲ್ಲಿ 40 ಸೆಂ.ಮೀ. ಅನುಪಾತದ ಪಾಠ ಅವರಿಗೆ ಹಿಂದೆಯೇ ಆಗಿತ್ತು, ಅದಕ್ಕೊಂದು ಕೆಲಸ ಈಗ ಸಿಕ್ಕಿತು. ಆ ಫೋಟೋದ ಮೇಲೆ ಮಕ್ಕಳೇ ಅಳತೆಪಟ್ಟಿ ಬರೆದರು.

ಎರಡನೇ ಪ್ರಶ್ನೆ: ಪತ್ರಿಕೆಯಲ್ಲಿ ಬರುವ ‘ಕ್ಯೂಸೆಕ್’ ಎಂದರೆ ಎಷ್ಟು ನೀರು? ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28.3 ಲೀಟರ್ ಎಂದು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಮರೆಯುತ್ತಾರೆ. ಹಾಗಾಗಿ ಶಾಲೆಯ ಹಿಂದಿನ ಗದ್ದೆಗೆ ಹೋಗುವ ಸಣ್ಣ ಸಿಮೆಂಟ್ ಕಾಲುವೆಗೆ ಶಿಕ್ಷಕರ ಜೊತೆ ಹೋದೆವು. ಮೊಣಕಾಲು ಮುಳುಗುವಷ್ಟು ನೀರು. ಹತ್ತು ಮೀಟರ್ ಅಳೆದು ಎರಡು ಕಡೆ ದಾರ ಕಟ್ಟಿದೆವು. ತೇಲಿಬಿಡಲು ಏನು ಬೇಕೋ ನೀವೇ ತನ್ನಿ ಎಂದಿದ್ದೆ. ಒಂದು ಗುಂಪು ಒಣಗಿದ ಎಲೆ ತಂದಿತ್ತು, ಅದು ದಡಕ್ಕೆ ಅಂಟಿಕೊಂಡಿತು. ಇನ್ನೊಂದು ಗುಂಪಿನ ತೆಂಗಿನ ಚಿಪ್ಪು ಸುತ್ತುತ್ತ ಹೋಯಿತು. ಖಾಲಿ ನೀರಿನ ಬಾಟಲಿ ಎದುರು ಗಾಳಿಗೆ ನಿಧಾನವಾಯಿತು. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ, ‘ಬಾಟ್ಲಿಗೆ ಅರ್ಧ ನೀರು ತುಂಬುಸ್ಬುಡಿ, ಗಾಳಿಗೆ ಸಿಕ್ಕಲ್ಲ’ ಎಂದ. ತುಂಬಿಸಿದರೆ ಬಾಟಲಿ ನೀರೊಳಗೆ ಇಳಿದು ಕೂತಿತು, ಹೊಳೆಯ ನಡಿಗೆಯಲ್ಲೇ ಹೋಯಿತು. ಆ ಹುಡುಗ ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ಮೂರು ಸಲದ ಸರಾಸರಿ ಕಾಲ 20 ಸೆಕೆಂಡ್. ಮೇಲ್ಮೈ ನೀರಿನ ಜವ ಸೆಕೆಂಡಿಗೆ 0.5 ಮೀಟರ್. ತಳ ಮತ್ತು ಗೋಡೆಗೆ ತಾಗುವ ನೀರು ನಿಧಾನವಾಗಿ ಹರಿಯುವುದರಿಂದ ಮೇಲ್ಮೈ ಜವವನ್ನು ಸುಮಾರು 0.85ರಿಂದ ಗುಣಿಸುವುದು ರೂಢಿ, ಆಗ 0.425. ಕಾಲುವೆಯ ಅಗಲ 1.2 ಮೀ., ನೀರಿನ ಆಳ 0.5 ಮೀ., ಅಡ್ಡಸೀಳಿಕೆಯ ವಿಸ್ತೀರ್ಣ 0.6 ಚದರ ಮೀ. ಗುಣಿಸಿದರೆ ಸೆಕೆಂಡಿಗೆ 0.255 ಘನ ಮೀಟರ್, ಅಂದರೆ 255 ಲೀಟರ್. ಕ್ಯೂಸೆಕ್ಕಿನಲ್ಲಿ ಸುಮಾರು 9. ಹಾಗಾದರೆ ಪತ್ರಿಕೆಯಲ್ಲಿ ‘50,000 ಕ್ಯೂಸೆಕ್ ಹೊರಹರಿವು’ ಎಂದು ಬಂದರೆ? ಇಂಥ ಐದೂವರೆ ಸಾವಿರ ಕಾಲುವೆಗಳು ಒಟ್ಟಿಗೆ. ಲೆಕ್ಕ ಮುಗಿದ ಮೇಲೆ ಮಕ್ಕಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಲ್ಲಿ ಕೆಲವರು ಆ ನೀರನ್ನು ಮನೆಯೊಳಗೆ ಕಂಡವರು.

ಇಲ್ಲಿ ಹಿಂತಿರುಗಿ ನೋಡಿದರೆ ನಾಲ್ಕೂ ಘಟಕಗಳಿವೆ. ತೇಲಿಸಲು ಬಂದ ವಸ್ತುಗಳ ಸಂಖ್ಯೆ ನಿರರ್ಗಳತೆ. ಎಲೆ, ಚಿಪ್ಪು, ಬಾಟಲಿ ಎಂಬ ವೈವಿಧ್ಯ ನಮ್ಯತೆ. ಅರ್ಧ ತುಂಬಿಸುವ ಉಪಾಯ ಸ್ವಂತಿಕೆ. ಅದನ್ನು ಮೂರು ಸಲ ಪರೀಕ್ಷಿಸಿ ಲೆಕ್ಕದವರೆಗೆ ಒಯ್ದದ್ದು ವಿಸ್ತರಣೆ. ಬಹುಮುಖ ಚಿಂತನೆ ಏಕಮುಖ ಚಿಂತನೆಯ ಶತ್ರುವಲ್ಲ ಎಂಬುದೂ ಇಲ್ಲಿ ಕಾಣುತ್ತದೆ. ಉಪಾಯ ಹಲವು ಇರಬೇಕು, ಲೆಕ್ಕ ಒಂದೇ ಬರಬೇಕು.

ಇತರ ವಿಷಯಗಳು, ಊರಿನವರು

ಕನ್ನಡ ಶಿಕ್ಷಕಿ ಈ ಕೆಲಸವನ್ನು ತಮ್ಮ ತರಗತಿಗೆ ತೆಗೆದುಕೊಂಡು, ಮನೆಯ ಹಿರಿಯರನ್ನು ಪ್ರವಾಹದ ಬಗ್ಗೆ ಕೇಳಿ ಅವರ ಮಾತಿನಲ್ಲೇ ಬರೆದು ತರಲು ಹೇಳಿದರು. ನಮ್ಮ ಹುಡುಗಿ ಅಜ್ಜಿಯ ಮಾತು ಬರೆದು ತಂದಿದ್ದಳು: ‘ಕಂಬ ಅರ್ಧ ಮುಳುಗುದ್ರೆ ಸಾಮಾನು ಅಟ್ಟಕ್ಕೆ ಹಾಕಾದು. ಪೂರ್ತಿ ಮುಳುಗುದ್ರೆ ಮನೆ ಬುಟ್ಟು ಎದ್ದೋಗಾದು ಕಣವ್ವ.’ ಎರಡು ವಾಕ್ಯದಲ್ಲಿ ವೀಕ್ಷಣೆ, ಮಾಪನ, ಮುನ್ಸೂಚನೆ, ನಿರ್ಧಾರ ಎಲ್ಲವೂ ಇದ್ದವು. ವಿಜ್ಞಾನದ ವಿಧಾನ ಎಂದು ನಾವು ಕಪ್ಪು ಹಲಗೆಯ ಮೇಲೆ ಹಂತ ಹಂತವಾಗಿ ಬರೆಯುವುದು ಇದನ್ನೇ. ಸಮಾಜ ವಿಜ್ಞಾನದ ಶಿಕ್ಷಕರು ಕಪಿಲೆಗೆ 1735ರಲ್ಲಿ ಕಟ್ಟಿದ ಹಳೆಯ ಸೇತುವೆಯ ಬಗ್ಗೆ, ನೀರಿನ ಹೊಡೆತ ತಡೆಯುವಂತೆ ಅಂಥ ಕಟ್ಟಡಗಳನ್ನು ಹೇಗೆ ಕಟ್ಟುತ್ತಿದ್ದರು ಎಂಬುದರ ಬಗ್ಗೆ ಒಂದು ಅವಧಿ ಮಾತಾಡಿದರು.

ನನ್ನ ಮನೆಯದೂ ಒಂದು ಮಾತು ಹೇಳಬೇಕು. ನಮ್ಮಪ್ಪ ರೈತರು. ನಾಲೆ ನೀರಿನ ಸರದಿ ಬಂದಾಗ ತೂಬಿನ ಬಾಯಿ ನೋಡಿಯೇ ಗದ್ದೆ ತುಂಬಲು ಎಷ್ಟು ಹೊತ್ತು ಬೇಕು ಎಂದು ಹೇಳುತ್ತಾರೆ. ಮೂರು ವರ್ಷ ಭೌತಶಾಸ್ತ್ರ ಓದಿದ ನನಗೆ ಅದು ಹರಿವಿನ ದರದ ಅಂದಾಜು ಎಂದು ಒಮ್ಮೆಯೂ ಅನಿಸಿರಲಿಲ್ಲ. ಸಮುದಾಯದಲ್ಲಿರುವ ಜಾಣ್ಮೆಯನ್ನು ಶಾಲೆಯ ಗೋಡೆಯ ಹೊರಗೇ ಬಿಟ್ಟು ಬರುವ ಅಭ್ಯಾಸ ಮಕ್ಕಳಿಗೆ ಮಾತ್ರವಲ್ಲ, ನಮಗೂ ಆಗಿದೆ.

ಇಂಥ ವಸ್ತುಗಳು ಈ ಭಾಗದಲ್ಲಿ ಬೇಕಾದಷ್ಟಿವೆ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ನಂಜನಗೂಡು ರಸಬಾಳೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ ತೋಟಗಳಿಂದ ಮರೆಯಾಗುತ್ತ ಬಂತು. ಬಾಳೆಯನ್ನು ಬೀಜದಿಂದಲ್ಲ, ಕಂದಿನಿಂದ ಬೆಳೆಸುತ್ತೇವೆ. ಹಾಗಾಗಿ ಗಿಡಗಳೆಲ್ಲ ಒಂದೇ ಅಚ್ಚು, ಒಂದಕ್ಕೆ ಬಂದ ರೋಗ ಎಲ್ಲಕ್ಕೂ. ಕಾಯಜ ಸಂತಾನೋತ್ಪತ್ತಿಯ ಲಾಭ ನಷ್ಟ ಹೇಳಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಖಾದಿ ಕೇಂದ್ರದ ಬದನವಾಳು ಇದೇ ತಾಲ್ಲೂಕಿನಲ್ಲಿದೆ. ಕೈಕಸುಬನ್ನು ಕಲಿಕೆಯ ನಡುವೆ ಇಡಬೇಕೆಂದು 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಮುಂದಿಟ್ಟ ನಯೀ ತಾಲೀಮಿನ ಪಾಠವನ್ನು ಅಲ್ಲಿಯ ನೂಲಿನಿಂದಲೇ ಶುರು ಮಾಡಬಹುದು.

ತಲಕಾಡಿನ ಮರಳು: ನಾನು ಎಡವಿದ ಪಾಠ

ಎರಡನೇ ಹಂತದ ಬೋಧನಾಭ್ಯಾಸ ತಿ. ನರಸೀಪುರ ತಾಲ್ಲೂಕಿನ ಶಾಲೆಯಲ್ಲಿ. ಕಾವೇರಿ ಕಪಿಲೆಯರ ಸಂಗಮದ ಊರು. ನಂಜನಗೂಡಿನ ಉತ್ಸಾಹದಲ್ಲಿ ಇಲ್ಲಿ ತಲಕಾಡಿನ ಮರಳನ್ನು ಆರಿಸಿಕೊಂಡೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡಾಗ ಅಲಮೇಲಮ್ಮ ಶಾಪ ಕೊಟ್ಟು ಮಾಲಂಗಿಯ ಮಡುವಿಗೆ ಹಾರಿದಳು, ಅಂದಿನಿಂದ ತಲಕಾಡು ಮರಳಾಯಿತು ಎಂಬ ಕಥೆ ಇಲ್ಲಿಯ ಮಕ್ಕಳಿಗೆ ಹಾಲು ಕುಡಿಯುವಾಗಲೇ ಗೊತ್ತು. ನಾನು ತರಗತಿಗೆ ಹೋದವಳೇ, ‘ಅದು ಕಥೆ, ನಿಜವಾದ ಕಾರಣ ಗಾಳಿ’ ಎಂದು ಶುರು ಮಾಡಿದೆ. ನದಿ ತಿರುವಿನಲ್ಲಿ ಬಿದ್ದ ಮರಳನ್ನು ಗಾಳಿ ಹೊತ್ತು ದಿಬ್ಬ ಮಾಡಿತು, ವಿಜಯನಗರ ಕಾಲದ ಮಾಧವಮಂತ್ರಿ ಅಣೆಕಟ್ಟೆಯಿಂದ ಹರಿವು ಬದಲಾದದ್ದನ್ನೂ ಕೆಲವು ಸಂಶೋಧಕರು ಕಾರಣವಾಗಿ ಹೇಳುತ್ತಾರೆ ಎಂದು ವಿವರಿಸಿದೆ. ಮಕ್ಕಳು ಬರೆದುಕೊಂಡರು. ಒಂದು ಪ್ರಶ್ನೆಯೂ ಬರಲಿಲ್ಲ.

ಎರಡು ತಪ್ಪು ಮಾಡಿದ್ದೆ. ಉತ್ತರವನ್ನು ಮೊದಲೇ ಕೊಟ್ಟೆ. ಮಕ್ಕಳ ಮನೆಯ ಕಥೆಯನ್ನು ಸುಳ್ಳು ಎಂದು ಬದಿಗೆ ತಳ್ಳಿದೆ. ಸಹಪಾಠಿ ವೀಕ್ಷಣೆಯ ಹಾಳೆಯಲ್ಲಿ ಗೆಳತಿ ಒಂದೇ ಸಾಲು ಬರೆದಿದ್ದಳು: ‘ಮಕ್ಕಳಿಗೆ ಯೋಚಿಸಲು ಏನೂ ಉಳಿದಿರಲಿಲ್ಲ.’

ಇನ್ನೊಂದು ವಿಭಾಗದಲ್ಲಿ ಅದೇ ಪಾಠ ಬೇರೆ ರೀತಿ ಮಾಡಿದೆ. ಒಂದು ತಟ್ಟೆಯಲ್ಲಿ ಒಣ ಮರಳು, ಇನ್ನೊಂದರಲ್ಲಿ ಒದ್ದೆ ಮರಳು, ಮಧ್ಯೆ ಬೆಂಕಿಪೊಟ್ಟಣದ ಗುಡಿ, ಎದುರಿಗೆ ಟೇಬಲ್ ಫ್ಯಾನ್. ಮರಳು ಎಲ್ಲಿ ನಿಲ್ಲುತ್ತದೆ ಎಂದು ಮೊದಲು ಊಹಿಸಿ ಬರೆಯಿರಿ ಎಂದೆ. ಹೆಚ್ಚಿನವರು ಗಾಳಿ ಬರುವ ಕಡೆ ಎಂದರು. ಮರಳು ಗುಡಿಯ ಹಿಂದೆಯೂ ಗುಡ್ಡೆಯಾದಾಗ ಗದ್ದಲವಾಯಿತು. ಒದ್ದೆ ಮರಳು ಏಳಲಿಲ್ಲ. ಹಾಗಾದರೆ ಯಾವ ಕಾಲದಲ್ಲಿ ಮರಳು ಹಾರುತ್ತದೆ, ಗಿಡ ನೆಟ್ಟರೆ ಏನಾಗುತ್ತದೆ ಎಂಬ ಪ್ರಶ್ನೆಗಳು ಅವರಿಂದಲೇ ಬಂದವು. ಕೊನೆಗೆ ಒಬ್ಬಳು, ‘ಗಾಳಿಯಿಂದ್ಲೇ ಆಗಿದ್ರೆ ಶಾಪದ ಕಥೆ ಯಾಕೆ ಹುಟ್ತು ಮಿಸ್?’ ಎಂದಳು. ಅದು ವಿಜ್ಞಾನ ಉತ್ತರಿಸುವ ಪ್ರಶ್ನೆಯಲ್ಲ, ಇತಿಹಾಸ ಮತ್ತು ಜಾನಪದದ ಪ್ರಶ್ನೆ. ಸೋತವರ ನೋವನ್ನು ಜನ ಹೇಗೆ ನೆನಪಿಟ್ಟುಕೊಳ್ಳುತ್ತಾರೆ ಎಂಬ ಪ್ರಶ್ನೆ. ಮರಳು ಹೇಗೆ ಬಂತು ಎಂಬುದಕ್ಕೆ ಗಾಳಿ ಉತ್ತರ, ಜನ ಅದನ್ನು ಹೇಗೆ ಅರ್ಥ ಮಾಡಿಕೊಂಡರು ಎಂಬುದಕ್ಕೆ ಕಥೆ ಉತ್ತರ. ವಿಷಯಗಳನ್ನು ಜೋಡಿಸುವುದೆಂದರೆ ಒಂದನ್ನು ಇನ್ನೊಂದರಿಂದ ಅಳಿಸುವುದಲ್ಲ, ಯಾವ ಪ್ರಶ್ನೆ ಯಾವುದಕ್ಕೆ ಸೇರಿದ್ದು ಎಂದು ತಿಳಿಯುವುದು ಎಂದು ಅಂದು ಕಲಿತೆ.

ನಮ್ಮ ಜಿಲ್ಲೆಯದೇ ಒಂದು ಮಾದರಿ

ಇದೆಲ್ಲ ಬೋಧನಾಭ್ಯಾಸದ ನಾಲ್ಕು ದಿನದ ಮಾತು, ಸರ್ಕಾರಿ ಶಾಲೆಯ ದಿನನಿತ್ಯದಲ್ಲಿ ಆಗುವುದಿಲ್ಲ ಎನ್ನುವವರಿದ್ದಾರೆ. ನಂಜನಗೂಡಿನ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕು ಇದಕ್ಕೆ ಉತ್ತರ. 1995ರಲ್ಲಿ ಅಲ್ಲಿಯ ಪ್ರಾಥಮಿಕ ಶಾಲಾ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನೊಂದಿಗೆ ತಮ್ಮ ಶಾಲೆಗಳಿಗೆ ತಕ್ಕ ಕಲಿಕಾ ಕಾರ್ಡುಗಳನ್ನು, ಹಾಡುಗಳನ್ನು, ಆಟಗಳನ್ನು ರೂಪಿಸಿದರು. ಅದೇ ನಲಿ-ಕಲಿ. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಮೊದಲ ತರಗತಿಗಳಿಗೆ ವಿಸ್ತರಿಸಿತು. ಆರಂಭದಲ್ಲಿ ಕಾರ್ಡು ಬರೆದವರು ತರಗತಿಯಲ್ಲಿದ್ದ ಶಿಕ್ಷಕರೇ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಸಿದ್ಧ ಕಾರ್ಡು ಕೈಗೆ ಬಂದ ಮೇಲೂ ಅದನ್ನು ತನ್ನ ಊರಿಗೆ ಹೊಂದಿಸಿಕೊಳ್ಳುವ ಶಿಕ್ಷಕರಿದ್ದರೆ ಮಾತ್ರ ಆ ಜೀವ ಉಳಿಯುತ್ತದೆ.

ಸಹ ಪ್ರಶಿಕ್ಷಣಾರ್ಥಿಗಳಿಗೆ ಕೆಲವು ಸೂಚನೆಗಳು

1. ಉತ್ತರ ಪತ್ರಿಕೆ ತಿದ್ದುವಾಗ ಮಾದರಿ ಉತ್ತರಕ್ಕೆ ಹೊಂದದ ಉತ್ತರಗಳನ್ನು ಬೇರೆ ಇಡಿ. ತಪ್ಪು ಗುರುತು ಹಾಕುವ ಮೊದಲು ಆ ಮಗುವನ್ನು ಕರೆದು, ‘ಇದನ್ನು ವಿವರಿಸು’ ಎನ್ನಿ. ಐದು ನಿಮಿಷದ ಕೆಲಸ.

2. ಪಾಠಯೋಜನೆಯಲ್ಲಿ ಒಂದು ಪ್ರಶ್ನೆಯಾದರೂ ಹಲವು ಉತ್ತರಗಳಿಗೆ ತೆರೆದಿರಲಿ, ಮತ್ತು ಆ ಉತ್ತರಗಳನ್ನು ಪರೀಕ್ಷಿಸುವ ಸಮಯವೂ ಯೋಜನೆಯಲ್ಲಿರಲಿ.

3. ಸಾಮಗ್ರಿಯನ್ನು ಮಕ್ಕಳೇ ತರಲಿ. ತೆಂಗಿನ ಚಿಪ್ಪು ತಪ್ಪಾದರೂ ಅದರಿಂದ ಕಲಿಯುವುದಿದೆ.

4. ಹೊಳೆ, ಕೆರೆ, ಕಾಲುವೆಯ ಚಟುವಟಿಕೆಯಲ್ಲಿ ಸುರಕ್ಷತೆ ಮೊದಲು. ಶಿಕ್ಷಕರ ಅನುಮತಿ, ದೊಡ್ಡವರ ಹಾಜರಿ, ಮೊಣಕಾಲಿಗಿಂತ ಕಡಿಮೆ ನೀರು. ಹೊಳೆಗೆ ಫೋಟೋ ಸಾಕು.

5. ಬೇರೆ ವಿಷಯದ ಶಿಕ್ಷಕರನ್ನು ಮೊದಲೇ ಮಾತಾಡಿಸಿ. ಅವರ ಅವಧಿ ಕೇಳಬೇಡಿ, ಅವರ ಪಾಠಕ್ಕೆ ಏನು ಉಪಯೋಗವಾಗುತ್ತದೆ ಎಂದು ಕೇಳಿ.

6. ಒಂದು ಘಟಕದಲ್ಲಿ ಒಂದು ಸಲ ಸಾಕು. ದಿನವೂ ಮಾಡಲು ಹೋದರೆ ಪಾಠವೂ ಮುಗಿಯುವುದಿಲ್ಲ, ಉತ್ಸಾಹವೂ ಉಳಿಯುವುದಿಲ್ಲ.

ಕೊನೆಗೆ

ನಂಜನಗೂಡಿನ ಶಾಲೆಯಲ್ಲಿ ಕಾಲುವೆಗೆ ಹೋಗುವ ಮುನ್ನ ಇನ್ನೊಂದು ಕೆಲಸ ಮಾಡಿದ್ದೆ. ಆ ಹುಡುಗಿಯ ಉತ್ತರ ಪತ್ರಿಕೆ ಕೇಳಿ ಪಡೆದು, ತರಗತಿಯ ಎದುರಿಗೆ ಅವಳ ಎರಡು ವಾಕ್ಯ ಓದಿದೆ. ಇದು ಸರಿ, ತಿದ್ದಿದ ನಾನೇ ತಪ್ಪು ಎಂದೆ. ಮಂಟಪದ ಕಂಬ ಇಲ್ಲಿ ಉಲ್ಲೇಖ ಬಿಂದು ಎಂದು ಹಲಗೆಯ ಮೇಲೆ ಬರೆದೆ. ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು. ಶಿಕ್ಷಕರು ತಪ್ಪು ಒಪ್ಪಿಕೊಂಡದ್ದು ಅವರಿಗೆ ಹೊಸದಿರಬೇಕು. ಆಕೆ ಎದ್ದು ನಿಂತು, ‘ಹಂಗಾದ್ರೆ ಟೋಟಲ್ ಎಷ್ಟಾಯ್ತದೆ ಮಿಸ್?’ ಎಂದಳು.

ಅಂಕಪಟ್ಟಿಯಲ್ಲಿ ಎರಡು ಅಂಕ ತಿದ್ದಿ ಪಕ್ಕದಲ್ಲಿ ಸಹಿ ಮಾಡಿದೆ. ಆಮೇಲೆ ಕಾಲುವೆಯ ಬಳಿ ಬಾಟಲಿ ತೇಲಿಬಿಟ್ಟಾಗ ದಾರದ ಹತ್ತಿರ ಕಾಲ ನೋಡುವ ಕೆಲಸ ಅವಳೇ ಕೇಳಿ ತೆಗೆದುಕೊಂಡಳು.